ಮನೆಗೋಡೆಗೆ ಮಳೆಹಾನಿ

ಮಳೆನೀರು ಗೋಡೆಯೊಳಗೆ ಇಳಿದು, ಆರಿಹೋಗಲು ದಾರಿ ಸಿಗದೆ ಉಳಿದಾಗ ಗಾರೆ, ಇಟ್ಟಿಗೆ, ಕಲ್ಲು, ಮಣ್ಣು, ಮರಗಳಿಗೆ ಆಗುವ ಕೆಡುಕು. ಗೋಡೆ ನೆನೆಯುವುದು ಎಲ್ಲ ಕಡೆಯೂ ಇದ್ದದ್ದೇ. ನೆನೆದದ್ದು ಮುಂದಿನ ಮಳೆಗಾಲದೊಳಗೆ ಒಣಗದಿದ್ದರೆ ಹಾನಿ ಶುರುವಾಗುತ್ತದೆ.

ಹಾನಿ ಎಷ್ಟಾಗುತ್ತದೆ ಎಂಬುದು ಮಳೆಯ ಪ್ರಮಾಣಕ್ಕಿಂತ ಮನೆ ಕಟ್ಟಿದ ಬಗೆಯನ್ನು ಅವಲಂಬಿಸಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ವಿಜಯಪುರದಲ್ಲಿ 600 ಮಿ.ಮೀ. ಸುತ್ತಮುತ್ತ. ಆದರೂ ಮಲೆನಾಡಿನ ಹಳೆಯ ಮಣ್ಣುಗೋಡೆಗಳು ತಲೆಮಾರುಗಟ್ಟಲೆ ನಿಂತಿವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಮಲೆನಾಡಿನ ಮನೆಗೆ ಕಡಿದಾದ ಮಾಡು, ಗೋಡೆಯಿಂದ ಬಹಳ ಮುಂದೆ ಚಾಚಿದ ಸೂರು, ಸುತ್ತ ಜಗಲಿ ಇರುತ್ತವೆ. ಬಯಲಿನ ಮಾಳಿಗೆ ಮನೆಗೆ ಚಪ್ಪಟೆಯಾದ ಮಣ್ಣಿನ ಮೇಲ್ಛಾವಣಿ, ಸೂರೆಂಬುದೇ ಇಲ್ಲ. ಬಿಸಿಲಿಗೆ ಹೇಳಿ ಮಾಡಿಸಿದ ಆ ಮನೆ ದಿನಗಟ್ಟಲೆ ಹಿಡಿದ ಮಳೆಯನ್ನು ತಾಳುವುದಿಲ್ಲ. ಮಾಳಿಗೆಯ ಮೇಲೆ ನಿಂತ ನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತದೆ.

ನೀರು ಬರುವ ದಾರಿಗಳು: ಮೊದಲನೆಯದು ಇರಚಲು. ನೈಋತ್ಯ ಮಾರುತದ ಗಾಳಿ ಮಳೆಯನ್ನು ಓರೆಯಾಗಿ ಹೊಡೆಯುವುದರಿಂದ ಕರಾವಳಿ, ಮಲೆನಾಡುಗಳಲ್ಲಿ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಪೆಟ್ಟು ಹೆಚ್ಚು. ಎರಡನೆಯದು ಸೂರುನೀರು ನೆಲಕ್ಕೆ ಬಿದ್ದು ಹಾರುವ ಕೆಸರು. ಇದು ಗೋಡೆಯ ಬುಡವನ್ನು ಒಂದೆರಡು ಅಡಿ ಎತ್ತರದವರೆಗೆ ಕೊರೆಯುತ್ತದೆ. ಮಣ್ಣುಗೋಡೆಯ ಕೆಳಗೆ ಕಲ್ಲಿನ ಪಂಚಾಂಗ ಕಟ್ಟುವ ಪದ್ಧತಿ ಈ ಕಾರಣಕ್ಕೇ ಬಂದದ್ದು. ಮೂರನೆಯದು ನೆಲದ ತೇವ. ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಅದು ಮೇಲೇರುತ್ತದೆ, ಸಾಮಾನ್ಯವಾಗಿ ಸುಮಾರು ಒಂದು ಮೀಟರಿನವರೆಗೆ. ತಾರಸಿ ಮನೆಗಳಲ್ಲಿ ಇವುಗಳ ಜೊತೆಗೆ ಪ್ಯಾರಪೆಟ್ಟಿನ ಬಿರುಕು, ಕಸ ಕಟ್ಟಿಕೊಂಡ ನೀರುಕೊಳವೆಯ ಬಾಯಿ, ಕಿಟಕಿಯ ಮೂಲೆಗಳು ಸೇರುತ್ತವೆ.

ಕಿಟಕಿಯ ಮೇಲಿನ ಸಜ್ಜಾವನ್ನು ಕೆಳಗಿನಿಂದ ನೋಡಿದರೆ ಈ ಕೇಡಿನ ಒಂದು ಬಗೆ ಸ್ಪಷ್ಟವಾಗಿ ಕಾಣುತ್ತದೆ. ಅಂಚಿಗೆ ಬಂದ ಹನಿ ಕೂಡಲೇ ಕೆಳಕ್ಕೆ ಬೀಳದೆ ಸಜ್ಜಾದ ಅಡಿಗೆ ಅಂಟಿಕೊಂಡು ಹಿಂದಕ್ಕೆ ಸರಿದು ಗೋಡೆ ಸೇರುತ್ತದೆ. ಅಲ್ಲಿಂದ ಕಿಟಕಿಯ ಎರಡೂ ಪಕ್ಕ ಕಪ್ಪು ನಾಲಿಗೆಗಳಂತೆ ಹಾವಸೆ ಇಳಿದಿರುತ್ತದೆ. ಸಜ್ಜಾದ ಅಡಿಯಲ್ಲಿ ಅಂಚಿಗೆ ಹತ್ತಿರವಾಗಿ ಬೆರಳಗಲದ ಒಂದು ಗೀರುಗಾಲುವೆ ಬಿಟ್ಟಿದ್ದರೆ ಹನಿ ಅದನ್ನು ದಾಟಲಾರದೆ ಅಲ್ಲೇ ಉದುರುತ್ತದೆ. ಗಾರೆ ಹಸಿಯಿರುವಾಗ ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಆದರೂ ಹೊಸ ಮನೆಗಳಲ್ಲಿ ಮೇಸ್ತ್ರಿಗಳು ಬಿಟ್ಟುಬಿಡುವ ಕೆಲಸಗಳಲ್ಲಿ ಇದೂ ಒಂದು.

ಗುರುತುಗಳು: ಬಣ್ಣ ಉಬ್ಬುವುದು, ಬೂಷ್ಟಿನ ವಾಸನೆ, ಗೋಡೆಗೆ ತಾಗಿದ ಬೀರುವಿನ ಹಿಂದೆ ಕಪ್ಪು ಚುಕ್ಕಿಗಳು ಎಲ್ಲರ ಗಮನಕ್ಕೂ ಬರುತ್ತವೆ. ಬಿಳಿಯ ಉಪ್ಪಿನ ಪುಡಿಗೆ ಇವುಗಳಿಗಿಂತ ಹೆಚ್ಚಿನ ಅರ್ಥವಿದೆ. ನೀರಿನಲ್ಲಿ ಕರಗಿದ ಲವಣಗಳು ನೀರು ಆರಿದಲ್ಲಿ ಹರಳಾಗುತ್ತವೆ. ಮೇಲ್ಮೈಯಲ್ಲಿ ಹರಳಾದರೆ ಪುಡಿ ಮಾತ್ರ. ಗಾರೆಯ ಹಿಂದೆ ಹರಳಾದರೆ ಅದು ಗಾರೆಯನ್ನೇ ಒಡೆದು ತಳ್ಳುತ್ತದೆ. ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ.

ಕಲೆ ಎಲ್ಲಿದೆ ಎಂಬುದೂ ಮೂಲವನ್ನು ತಿಳಿಸುತ್ತದೆ. ನೆಲದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ಹಬ್ಬಿದ ಪಟ್ಟಿ ನೆಲದ ತೇವದ್ದು. ಮಳೆ ಬಂದ ಒಂದೆರಡು ದಿನಗಳಲ್ಲಿ ಗಾಢವಾಗಿ ಆಮೇಲೆ ಮಾಸುವ ತೇಪೆ ಹೊರಗೋಡೆಯ ಬಿರುಕಿನದು. ಮಳೆಗೂ ಅದಕ್ಕೂ ತಾಳೆಯೇ ಇಲ್ಲದಿದ್ದರೆ ಬಚ್ಚಲಿನ ಕೊಳಾಯಿಯನ್ನು ಶಂಕಿಸಬೇಕು. ಇನ್ನೂ ಅನುಮಾನವಿದ್ದರೆ ಒದ್ದೆ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡುವುದುಂಟು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ತೇವ ಗೋಡೆಯೊಳಗಿನದು, ಕೋಣೆಯ ಕಡೆಯ ಮೈಯಲ್ಲಿದ್ದರೆ ಗಾಳಿಯದು. ಗಾರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಅದು ಆಗಲೇ ಗೋಡೆ ಬಿಟ್ಟಿದೆ ಎಂದು ತಿಳಿಯಬಹುದು.

ಬಿರುಕುಗಳಲ್ಲಿ ಜೇಡರ ಬಲೆಯಂಥ ಕೂದಲೆಳೆಯವು ಗಾರೆಗೆ ಸರಿಯಾಗಿ ನೀರುಣಿಸದಿದ್ದರ ಫಲ. ಕಾಂಕ್ರೀಟು ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಇಳಿದ ಬಿರುಕು ಬೆಂಗಳೂರಿನ ಮನೆಗಳಲ್ಲಿ ತೀರ ಸಾಮಾನ್ಯ. ಎರಡು ವಸ್ತುಗಳೂ ಬಿಸಿಲಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಗಾರೆ ಹಾಕುವ ಮುಂಚೆ ಆ ಸಂದಿಗೆ ಚಿಕನ್ ಮೆಶ್ ಬಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋದ ಬಿರುಕು ಮಾತ್ರ ಬೇರೆ ಜಾತಿಯದು: ಅದು ತಳಪಾಯ ಕುಸಿಯುತ್ತಿರುವುದರ ಸೂಚನೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ಎಂದು ತಿಳಿಯುತ್ತದೆ. ಬೆಳೆಯುವ ಬಿರುಕಿಗೆ ಪುಟ್ಟಿ ತುಂಬುವುದು ದುಡ್ಡು ದಂಡ.

ತಡೆ: ಗೋಡೆಗೆ ನೀರು ತಾಗದಂತೆ ಮಾಡುವುದು ಮೊದಲ ಕೆಲಸ. ಬಳಿಯುವ ರಾಸಾಯನಿಕಗಳ ಸರದಿ ಕೊನೆಗೆ. ಜಾಹೀರಾತುಗಳು ಈ ಕ್ರಮವನ್ನು ತಿರುಗುಮುರುಗು ಮಾಡಿವೆ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಮಳೆಗಾಲಕ್ಕೆ ಮುನ್ನ ಅಡಿಕೆ ಸೋಗೆಯ ತಟ್ಟಿ ಹೆಣೆದು ಪಡುವಣ ಗೋಡೆಗೆ, ಜಗಲಿಗೆ ಮರೆ ಕಟ್ಟುತ್ತಿದ್ದರು. ಮಣ್ಣಿನ ಪಾಗಾರದ ನೆತ್ತಿಗೂ ಸೋಗೆಯನ್ನೋ ಕರಡವನ್ನೋ ಹೊದಿಸುತ್ತಿದ್ದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ, ತಗಡಿನ ಶೀಟು ಬಂದಿವೆ. ಶೀಟು ತಪ್ಪಲ್ಲ, ಆದರೆ ಗೋಡೆಗೆ ಬಿಗಿದು ಹೊಡೆದರೆ ಹಿಂದೆ ಗಾಳಿಯಾಡುವುದಿಲ್ಲ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಮಾಡು ಹರಡಿತು. ಅಂಥ ಮಾಡಿನಲ್ಲಿ ಒಡೆದ ಒಂದೇ ಹಂಚಿನಿಂದ ಇಡೀ ಗೋಡೆ ನೆನೆಯಬಲ್ಲದು. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ರೂಢಿಯನ್ನು ಉಳಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಮನೆ ಕಟ್ಟುವಾಗ ಪಂಚಾಂಗದ ಮಟ್ಟದಲ್ಲಿ ಡಿ.ಪಿ.ಸಿ. ಎಂದು ಕರೆಯುವ ತೇವತಡೆ ಪದರ ಹಾಕಿದ್ದರೆ ನೆಲದ ತೇವ ಅಲ್ಲೇ ನಿಲ್ಲುತ್ತದೆ. ಆದರೆ ಆಮೇಲೆ ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿದರೆ, ಅಥವಾ ಆ ಪದರಕ್ಕಿಂತ ಮೇಲಕ್ಕೆ ಹೂಪಾತಿ ಏರಿಸಿದರೆ ನೀರು ಅದನ್ನು ಹಾರಿ ಒಳಬರುತ್ತದೆ. ರಸ್ತೆ ಎತ್ತರವಾದಂತೆಲ್ಲ ಅಂಗಳವನ್ನೂ ಏರಿಸುವ ಪೇಟೆಗಳಲ್ಲಿ ಇದು ದಿನನಿತ್ಯದ ಕತೆ.

ಗೋಡೆಯ ವಸ್ತುವಿಗೆ ತಕ್ಕ ಲೇಪ ಬೇಕು. ಕರಾವಳಿಯ ಮುರಕಲ್ಲು ತೂತುತೂತಾದ ಕಲ್ಲು. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ; ಶೇಡಿ ಗಂಟುಗಳಿರುವ ಕಲ್ಲು ಮಾತ್ರ ಮಳೆಗೆ ಕರಗುತ್ತದೆ. ಮುರಕಲ್ಲಿಗೂ ಮಣ್ಣುಗೋಡೆಗೂ ಸುಣ್ಣ ಒಗ್ಗುತ್ತದೆ, ಏಕೆಂದರೆ ಅದು ಆವಿಯನ್ನು ಹೊರಬಿಡುತ್ತದೆ. ಮಣ್ಣುಗೋಡೆಗೆ ದಪ್ಪ ಸಿಮೆಂಟು ಗಾರೆ ಮೆತ್ತುವುದು ಭದ್ರತೆಯಂತೆ ಕಂಡರೂ ಕೇಡೇ ಹೆಚ್ಚು: ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾರದೆ ಹಿಂದಿನ ಮಣ್ಣನ್ನು ಕೆಸರು ಮಾಡುತ್ತದೆ, ಗಾರೆ ಹಾಳೆಯಾಗಿ ಕಳಚುತ್ತದೆ. ಮಣ್ಣಿನಲ್ಲೇ ಕಟ್ಟಬೇಕೆಂದರೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇವುಗಳನ್ನು ರೂಢಿಗೆ ತಂದಿತು.

ದುರಸ್ತಿ: ಮಳೆಗಾಲ ಮುಗಿದ ಕೂಡಲೇ ಬಣ್ಣ ಹೊಡೆಸಬಾರದು. ದೀಪಾವಳಿಯಿಂದ ಯುಗಾದಿಯವರೆಗಿನ ಒಣಹವೆ ಗೋಡೆಗೆ ಬೇಕು. ಮೊದಲು ನೀರಿನ ಮೂಲ ಮುಚ್ಚಿ, ಟೊಳ್ಳು ಗಾರೆ ಕೆತ್ತಿ, ಕೆಲವು ವಾರ ಗಾಳಿಗೆ ಬಿಟ್ಟು, ಆಮೇಲೆ ಗಾರೆ, ಕೊನೆಗೆ ಬಣ್ಣ. ಪ್ಯಾರಪೆಟ್ಟಿನ ಸಂದಿಯಲ್ಲಿ ಚಿಗುರಿದ ಅರಳಿ ಸಸಿಯನ್ನು ಬೇರುಸಹಿತ ಕೀಳಬೇಕು. ಕತ್ತರಿಸಿದರೆ ಬೇರು ದಪ್ಪವಾಗುತ್ತಾ ಹೋಗಿ ಬಿರುಕನ್ನು ಅಗಲಿಸುತ್ತದೆ.

ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡು ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಮಣ್ಣುಗೋಡೆ ಹೊಟ್ಟೆ ಉಬ್ಬಿದ್ದರೆ, ಬುಡ ಕೊರೆದುಹೋಗಿದ್ದರೆ ಅಥವಾ ಬಾಗಿಲು ಇದ್ದಕ್ಕಿದ್ದಂತೆ ಹಿಡಿಯತೊಡಗಿದರೆ ಆ ಕೋಣೆಯಲ್ಲಿ ಮಲಗಬಾರದು. ನೆನೆದ ಗೋಡೆ ಮಳೆ ನಿಂತು ಬಿಸಿಲು ಬಂದ ಮೇಲೂ ಬೀಳುವುದುಂಟು.