ಕಾಣದ ಅಂಗಡಿ, ಕಾಣದ ಗಿರಾಕಿ

ವೇಲ್ಸ್ ನಾಡಿನ ನ್ಯೂಟೌನ್ ಸಣ್ಣ ಊರು. ಫ್ಲ್ಯಾನಲ್ ಎಂಬ ಉಣ್ಣೆ ಬಟ್ಟೆಗೆ ಒಂದು ಕಾಲಕ್ಕೆ ಹೆಸರಾಗಿತ್ತು. 1850ರ ದಶಕದಲ್ಲಿ ಅಲ್ಲಿನ ಜವಳಿ ಅಂಗಡಿಯೊಂದರ ಯಜಮಾನಿಕೆ ಪ್ರೈಸ್ ಜೋನ್ಸ್ ಎಂಬ ತರುಣನ ಕೈಗೆ ಬಂತು. ಊರಿನ ಗಿರಾಕಿಗಳನ್ನಷ್ಟೇ ನಂಬಿ ಕುಳಿತರೆ ವ್ಯಾಪಾರ ಬೆಳೆಯುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಬಟ್ಟೆಯ ವಿವರ ಮತ್ತು ಬೆಲೆಗಳನ್ನು ಅಚ್ಚು ಹಾಕಿಸಿ, ದೂರದ ಊರುಗಳ ಸಿರಿವಂತರ ಮನೆಗಳಿಗೆ ಅಂಚೆಯಲ್ಲಿ ಕಳಿಸತೊಡಗಿದ. ಅವರು ಕಾಗದ ಬರೆದು ಬಟ್ಟೆ ತರಿಸಿಕೊಂಡರು. 1880ರ ವೇಳೆಗೆ ಅವನ ಗಿರಾಕಿಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಮತ್ತು ವಿಕ್ಟೋರಿಯಾ ರಾಣಿ ಕೂಡ ಅವರಲ್ಲಿದ್ದರು.

ಇಂದು ಯೂರೋಪಿನಲ್ಲಿ ಕಂಪ್ಯೂಟರ್ ಇಲ್ಲವೇ ಮೊಬೈಲಿನ ಮೂಲಕ ಸರಕು ಮಾರುವ ಲಕ್ಷಾಂತರ ಸಣ್ಣ ವರ್ತಕರು ಇದೇ ದಾರಿಯಲ್ಲಿ ನಡೆಯುತ್ತಿದ್ದಾರೆ. ಉಪಕರಣ ಹೊಸದು, ಕಷ್ಟ ಹಳೆಯದು. ಸರಕನ್ನು ಮುಟ್ಟಿ ನೋಡದೆ ದುಡ್ಡು ಕೊಡುವುದು ಹೇಗೆ ಎಂದು ಗಿರಾಕಿಗೆ ಅಳುಕು. ದುಡ್ಡು ಬಾರದೆ ಸರಕು ಕಳಿಸುವುದು ಹೇಗೆ ಎಂದು ವರ್ತಕನಿಗೆ ಅಳುಕು. ಈ ನಡುವಿನ ನಂಬಿಕೆಯನ್ನು ಯಾರು ಹೊರಬೇಕು? ಯೂರೋಪಿನ ದೂರದ ವ್ಯಾಪಾರದ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದದ್ದು.

ಪ್ರೈಸ್ ಜೋನ್ಸ್ ಜಾಣನಾಗಿದ್ದ, ನಿಜ. ಆದರೆ ಅವನ ಬೆನ್ನಿಗೆ ಸರ್ಕಾರದ ಅಂಚೆ ಇಲಾಖೆ ಇತ್ತು ಎಂಬುದನ್ನು ಮರೆಯಬಾರದು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತ್ತು. ಕಾಗದ ಪಕ್ಕದ ಊರಿಗೆ ಹೋಗಲಿ, ದೇಶದ ಇನ್ನೊಂದು ತುದಿಗೆ ಹೋಗಲಿ, ಅರ್ಧ ಔನ್ಸಿನವರೆಗೆ ದರ ಒಂದೇ. ಆಮೇಲೆ ನ್ಯೂಟೌನಿಗೆ ರೈಲು ಬಂತು. 1879ರಲ್ಲಿ ಅವನು ರೈಲು ನಿಲ್ದಾಣದ ಹತ್ತಿರವೇ ದೊಡ್ಡ ಮಳಿಗೆ ಕಟ್ಟಿಸಿದ. ಕೆಂಪು ಇಟ್ಟಿಗೆಯ ಆ ಕಟ್ಟಡ ಈಗಲೂ ಇದೆ. 1883ರಲ್ಲಿ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿತು. ಲಂಡನ್ನಿನ ದೊಡ್ಡ ಅಂಗಡಿಗೆ ಇದ್ದ ಅನುಕೂಲವೇ ಹಳ್ಳಿಗಾಡಿನ ಸಣ್ಣ ಅಂಗಡಿಗೂ ದಕ್ಕಿತು.

ಎರಡನೆಯ ಮಹಾಯುದ್ಧದ ಅನಂತರದ ಜರ್ಮನಿಯ ಕಥೆ ಇನ್ನೊಂದು ಬಗೆಯದು. ಹ್ಯಾಂಬರ್ಗಿನಲ್ಲಿ ವೆರ್ನರ್ ಓಟ್ಟೊ 1949ರಲ್ಲಿ ಅಂಚೆ ವ್ಯಾಪಾರದ ಸಂಸ್ಥೆ ತೆರೆದ. 1950ರಲ್ಲಿ ಹೊರಬಂದ ಮೊದಲ ಕ್ಯಾಟಲಾಗಿನ ಪ್ರತಿಗಳು 300, ಪುಟಗಳು 14, ಅದರಲ್ಲಿದ್ದದ್ದು 28 ಜೊತೆ ಬೂಟು ಮಾತ್ರ. ಚಿತ್ರಗಳನ್ನು ಕೈಯಿಂದಲೇ ಅಂಟಿಸಿ, ಪುಸ್ತಕವನ್ನು ಕೈಯಿಂದಲೇ ಹೊಲಿದಿದ್ದರು. ಆಗ ಸರಕು ತರಿಸುವವರು ಅಂಚೆಯವನಿಗೆ ದುಡ್ಡು ಕೊಟ್ಟು ಪೊಟ್ಟಣ ಬಿಡಿಸಿಕೊಳ್ಳುವುದು ರೂಢಿಯಾಗಿತ್ತು, ನಮ್ಮಲ್ಲಿ ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸುತ್ತಿದ್ದ ಹಾಗೆ. ಓಟ್ಟೊ ಇದನ್ನು ತಿರುವು ಮುರುವು ಮಾಡಿದ. ಮೊದಲು ಸರಕು ಮತ್ತು ಬಿಲ್ಲು, ನೋಡಿ ಒಪ್ಪಿದ ಮೇಲೆ ದುಡ್ಡು. ನಂಬುವ ಹೊರೆಯನ್ನು ವರ್ತಕನೇ ಹೊತ್ತುಕೊಂಡ. ಈ ಪದ್ಧತಿ ಜರ್ಮನರಿಗೆ ಎಷ್ಟು ಒಗ್ಗಿತೆಂದರೆ, ಬಿಲ್ಲಿನ ಮೇಲೆ ಆಮೇಲೆ ಹಣ ಕೊಡುವ ಸೌಲಭ್ಯ ಇಲ್ಲದ ಅಂತರ್ಜಾಲದ ಅಂಗಡಿಯನ್ನು ಅಲ್ಲಿ ಇಂದಿಗೂ ಅನೇಕರು ಇಷ್ಟಪಡುವುದಿಲ್ಲ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ದೂರವಾಣಿ ಇಲಾಖೆ 1982ರಿಂದ ಮಿನಿಟೆಲ್ ಎಂಬ ಪುಟ್ಟ ಯಂತ್ರವನ್ನು ಮನೆಗಳಿಗೆ ಬಿಟ್ಟಿಯಾಗಿ ಹಂಚಿತು. ಒಂದು ಪರದೆ, ಒಂದು ಕೀಲಿಮಣೆ, ಗೋಡೆಯ ಫೋನ್ ತಂತಿಗೆ ಜೋಡಣೆ, ಇಷ್ಟೇ. ಅಂತರ್ಜಾಲ ಮನೆಗಳಿಗೆ ಬರುವ ಎಷ್ಟೋ ವರ್ಷ ಮುಂಚೆ ಫ್ರೆಂಚರು ಇದರಲ್ಲಿ ರೈಲಿನ ಸೀಟು ಕಾದಿರಿಸಿದರು, ಲಾ ರೆದೂತ್‌ನಂಥ ಕ್ಯಾಟಲಾಗು ಸಂಸ್ಥೆಗಳಿಂದ ಬಟ್ಟೆ ತರಿಸಿದರು. 1984ರಲ್ಲಿ ಬಂದ ಒಂದು ಏರ್ಪಾಡು ಸಣ್ಣವರ ಪಾಲಿಗೆ ವರವಾಯಿತು. ಮಿನಿಟೆಲ್ ಸೇವೆಯ ಶುಲ್ಕವನ್ನು ಇಲಾಖೆಯೇ ಫೋನ್ ಬಿಲ್ಲಿಗೆ ಸೇರಿಸಿ ವಸೂಲು ಮಾಡಿ, ತನ್ನ ಪಾಲನ್ನು ಹಿಡಿದು, ಉಳಿದದ್ದನ್ನು ಸೇವೆ ನೀಡಿದವನಿಗೆ ಕೊಡುತ್ತಿತ್ತು. ಹೆಸರಿಲ್ಲದ ಹೊಸಬನನ್ನು ಗಿರಾಕಿ ನಂಬಬೇಕಾಗಿರಲಿಲ್ಲ. ಫೋನ್ ಬಿಲ್ಲನ್ನು ನಂಬಿದರೆ ಸಾಕಾಗಿತ್ತು. 2012ರ ಜೂನ್ 30ರಂದು ಮಿನಿಟೆಲ್ ಕಣ್ಣುಮುಚ್ಚಿತು.

ಹೀಗೆ ಯೂರೋಪು ನಕಾಶೆಯಲ್ಲಿ ಒಂದೇ ಮಾರುಕಟ್ಟೆಯಂತೆ ಕಂಡರೂ ಕೊಳ್ಳುವ ರೂಢಿಯಲ್ಲಿ ಹಲವು. ಜರ್ಮನಿಯಲ್ಲಿ ಬಿಲ್ಲು. ನೆದರ್ಲೆಂಡ್ಸಿನಲ್ಲಿ ಬ್ಯಾಂಕುಗಳು ಕೂಡಿ 2005ರಲ್ಲಿ ಆರಂಭಿಸಿದ ಐಡಿಯಲ್ ಎಂಬ ನೇರ ಪಾವತಿ. ಪೋಲೆಂಡಿನಲ್ಲಿ ಸರಕನ್ನು ಮನೆಗೆ ತರಿಸುವ ಬದಲು ಬೀದಿ ಬದಿಯ ಉಕ್ಕಿನ ಬೀರುವಿನಿಂದ ಸಂಕೇತ ಸಂಖ್ಯೆ ಒತ್ತಿ ಪಡೆಯುವುದು. ನೆರೆಯ ದೇಶಕ್ಕೆ ಮಾರಹೊರಟ ಸಣ್ಣ ವರ್ತಕ ಭಾಷೆಯ ಜೊತೆಗೆ ಈ ರೂಢಿಯನ್ನೂ ಕಲಿಯಬೇಕು.

ಅಂತರ್ಜಾಲ ಹರಡಿದಂತೆ ನಂಬಿಕೆಯನ್ನು ಕಾನೂನಿನ ಮೂಲಕ ಕಟ್ಟುವ ಕೆಲಸವನ್ನು ಯೂರೋಪಿಯನ್ ಒಕ್ಕೂಟ ಕೈಗೆತ್ತಿಕೊಂಡಿತು. ದೂರದಿಂದ ತರಿಸಿದ ಸರಕನ್ನು ಕಾರಣ ಹೇಳದೆ ಹಿಂದಿರುಗಿಸಲು ಕನಿಷ್ಠ ಏಳು ಕೆಲಸದ ದಿನಗಳ ಅವಕಾಶವನ್ನು 1997ರ ನಿರ್ದೇಶನ ಕೊಟ್ಟಿತು. 2011ರ ನಿರ್ದೇಶನ ಅದನ್ನು 14 ದಿನಗಳಿಗೆ ಏರಿಸಿತು. 2014ರ ಜೂನ್‌ನಿಂದ ಅದು ಜಾರಿಯಲ್ಲಿದೆ. ಈ ಹಕ್ಕಿನ ವಿಷಯವನ್ನು ವರ್ತಕ ತಿಳಿಸದೆ ಹೋದರೆ ಅವಧಿ ಇನ್ನೂ 12 ತಿಂಗಳು ಬೆಳೆಯುತ್ತದೆ. ಗಿರಾಕಿಗೆ ಧೈರ್ಯ ಬಂತು, ಮಾರಾಟ ಹೆಚ್ಚಿತು. ಆದರೆ ಮೂರು ಅಳತೆಯ ಅಂಗಿ ತರಿಸಿ ಎರಡನ್ನು ವಾಪಸು ಕಳಿಸುವ ಅಭ್ಯಾಸವೂ ಬೆಳೆಯಿತು. ಸಾವಿರಾರು ಪೊಟ್ಟಣ ಕಳಿಸುವ ಸಂಸ್ಥೆ ಈ ನಷ್ಟವನ್ನು ಎಲ್ಲ ಸರಕಿನ ಮೇಲೆ ಹಂಚಿಬಿಡಬಲ್ಲದು. ಗಂಡ ಹೆಂಡತಿ ಸೇರಿ ನಡೆಸುವ ಅಂಗಡಿಗೆ ಅದು ತಿಂಗಳ ಲಾಭವನ್ನೇ ನುಂಗಬಹುದು.

ತೆರಿಗೆಯಲ್ಲೂ ಇದೇ ಎರಡು ಮುಖ. 2021ರ ಜುಲೈ 1ರಿಂದ, ಒಕ್ಕೂಟದ ಇತರ ದೇಶಗಳ ಗಿರಾಕಿಗಳಿಗೆ ವರ್ಷಕ್ಕೆ ಒಟ್ಟು 10,000 ಯೂರೊ ಮೀರಿ ಮಾರುವವರು ಆಯಾ ಗಿರಾಕಿಯ ದೇಶದ ದರದಲ್ಲಿ ವ್ಯಾಟ್ ಕಟ್ಟಬೇಕು. ಆದರೆ ದೇಶದೇಶಕ್ಕೂ ಅಲೆಯಬೇಕಿಲ್ಲ. ತಮ್ಮ ದೇಶದ ಒಂದೇ ಕಿಟಕಿಯಲ್ಲಿ ಲೆಕ್ಕ ಒಪ್ಪಿಸಿದರೆ ಸಾಕು. ಹೊರಗಿನಿಂದ ಬರುವ 22 ಯೂರೊ ಒಳಗಿನ ಪೊಟ್ಟಣಗಳಿಗಿದ್ದ ವ್ಯಾಟ್ ವಿನಾಯಿತಿಯೂ ಅಂದೇ ರದ್ದಾಯಿತು. ಆದರೂ ಅಗ್ಗದ ಸರಕಿನ ಪ್ರವಾಹ ನಿಲ್ಲಲಿಲ್ಲ. ಯೂರೋಪಿಯನ್ ಆಯೋಗದ ಲೆಕ್ಕದಂತೆ 2024ರಲ್ಲಿ ಒಕ್ಕೂಟದೊಳಗೆ ಬಂದ ಕಡಿಮೆ ಬೆಲೆಯ ಪೊಟ್ಟಣಗಳು ಸುಮಾರು 460 ಕೋಟಿ, ಅಂದರೆ ದಿನಕ್ಕೆ 1.2 ಕೋಟಿಗೂ ಮಿಕ್ಕಿ. ಅವುಗಳಲ್ಲಿ ಬಹುಪಾಲು ಚೀನಾದವು.

ಈ ಪ್ರವಾಹಕ್ಕೆ ಕಟ್ಟೆ ಕಟ್ಟಲು ಬಂದ ನಿಯಮಗಳು ಸಣ್ಣವರ ಬಾಗಿಲಿಗೂ ಅಡ್ಡ ಬರುತ್ತವೆ. 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಸರಕು ಸುರಕ್ಷತೆಯ ನಿಯಮದ ಪ್ರಕಾರ, ಹೊರಗಿನ ವರ್ತಕನ ಸರಕಿಗೆ ಒಕ್ಕೂಟದೊಳಗೆ ಒಬ್ಬ ಹೊಣೆಗಾರ ಇರಲೇಬೇಕು. 2021ರ ಆರಂಭದಲ್ಲಿ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ಬ್ರಿಟನ್ನಿನ ಸಣ್ಣ ಮಾರಾಟಗಾರರು ಮೊದಲು ಸುಂಕದ ಕಾಗದಪತ್ರಗಳಿಂದ, ಆಮೇಲೆ ಇದರಿಂದ ಕಂಗೆಟ್ಟರು. ಯೂರೋಪಿಗೆ ಕಳಿಸುವುದನ್ನೇ ನಿಲ್ಲಿಸಿದವರೂ ಉಂಟು. ಈ ಹೊಸಿಲು ನಮ್ಮವರಿಗೂ ಇದೆ. ಚನ್ನಪಟ್ಟಣದ ಮರದ ಗೊಂಬೆ ಅಲ್ಲಿನ ಮಗುವಿನ ಕೈಗೆ ನೇರವಾಗಿ ಸೇರಬೇಕಾದರೆ ಆಟಿಕೆಗೆ ಸಿ.ಇ. ಗುರುತೂ ಬೇಕು, ಹೊಣೆಗಾರನೂ ಬೇಕು.

ಇಷ್ಟೆಲ್ಲ ಹೊರಲಾರದ ಸಣ್ಣ ವರ್ತಕ ದೊಡ್ಡ ಜಾಲತಾಣಗಳ ನೆರಳಿಗೆ ಹೋಗುತ್ತಾನೆ. ಅಮೆಜಾನ್ 1998ರಲ್ಲಿ ಬ್ರಿಟನ್, ಜರ್ಮನಿಗಳಿಗೆ ಬಂತು. ಪೋಲೆಂಡಿನ ಅಲ್ಲೆಗ್ರೊ 1999ರಲ್ಲಿ ಹುಟ್ಟಿತು. ಗಿರಾಕಿ ಇಲ್ಲಿ ನಂಬುವುದು ವರ್ತಕನನ್ನಲ್ಲ, ಸಂತೆಯ ಯಜಮಾನನನ್ನು. ಆ ನಂಬಿಕೆಗೆ ವರ್ತಕ ಪ್ರತಿ ಮಾರಾಟದಲ್ಲೂ ಬಾಡಿಗೆ ತೆರುತ್ತಾನೆ. ಯಜಮಾನ ಅಂಗಡಿ ಮುಚ್ಚಿಸಿದರೆ ಕೇಳುವವರಿಲ್ಲ ಎಂಬ ದೂರು ಬಂದದ್ದರಿಂದಲೇ, ಹಾಗೆ ಮಾಡುವಾಗ ಕಾರಣ ಕೊಡಬೇಕೆಂಬ ನಿಯಮ 2020ರ ಜುಲೈನಲ್ಲಿ ಜಾರಿಗೆ ಬಂತು.

ಪ್ರೈಸ್ ಜೋನ್ಸನ ನಿಜವಾದ ಆಸ್ತಿ ಫ್ಲ್ಯಾನಲ್ ಬಟ್ಟೆಯಲ್ಲ, ಅವನ ಖಾತೆ ಪುಸ್ತಕದಲ್ಲಿದ್ದ ಲಕ್ಷ ವಿಳಾಸಗಳು. ಅಂಚೆ ಇಲಾಖೆ ಅವನ ಪೊಟ್ಟಣವನ್ನು ಹೊತ್ತಿತೇ ಹೊರತು ಆ ಪುಸ್ತಕವನ್ನು ಕೇಳಲಿಲ್ಲ. ಇಂದಿನ ದೊಡ್ಡ ಸಂತೆಯಲ್ಲಿ ಆ ಪುಸ್ತಕ ಇರುವುದು ಯಜಮಾನನ ಬಳಿ. ಅಂಚೆ, ಫೋನ್ ಬಿಲ್ಲು, ಬ್ಯಾಂಕುಗಳ ಒಕ್ಕೂಟ, ತೆರಿಗೆಯ ಒಂದೇ ಕಿಟಕಿ: ನಂಬಿಕೆಯನ್ನು ಎಲ್ಲರಿಗೂ ಸೇರಿದ ಏರ್ಪಾಡು ಹೊತ್ತಾಗ ಸಣ್ಣವನು ತನ್ನ ಹೆಸರಿನಲ್ಲೇ ಮಾರಬಲ್ಲ. ಅಂಥ ಏರ್ಪಾಡು ಇಲ್ಲದ ಕಡೆ ಅವನಿಗೆ ಉಳಿಯುವುದು ಇನ್ನೊಬ್ಬರ ಸಂತೆಯಲ್ಲಿ ಒಂದು ಬಾಡಿಗೆಯ ಕಟ್ಟೆ.