ಪರೀಕ್ಷೆಗೆ ಹೊರಟ ನಾಣ್ಯ

ನಾಣ್ಯವು ಹುಟ್ಟಿದಂದಿನಿಂದ ಅದರ ಸಂಗಡ ಎರಡು ಪ್ರಶ್ನೆಗಳು ನಡೆದುಬಂದಿವೆ. ಇದು ಸಾಚಾ ನಾಣ್ಯವೇ ಎಂಬುದು ಮೊದಲನೆಯದು. ಪರೀಕ್ಷಕನ ಕೈಗೆ ಕೊಟ್ಟ ನಾಣ್ಯವೇ ಮರಳಿ ಬಂದಿದೆಯೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಲೋಹವಿದ್ಯೆ, ಲಿಪಿಶಾಸ್ತ್ರ, ನಾಣ್ಯಶಾಸ್ತ್ರಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಶಾಸ್ತ್ರದ ಉತ್ತರವಿಲ್ಲ. ಅದು ವಿಶ್ವಾಸಕ್ಕೆ ಸಂಬಂಧಿಸಿದುದು. ಪರೀಕ್ಷಕನು ಪೇಟೆಯಲ್ಲಿ, ನಾಣ್ಯದೊಡೆಯನ ಕಣ್ಣೆದುರಿಗೇ ಕುಳಿತಿರುವವರೆಗೆ ಈ ಪ್ರಶ್ನೆಯು ದೊಡ್ಡದಾಗಿ ಕಾಣಲಿಲ್ಲ. ಪರೀಕ್ಷಕನು ದೂರದ ಊರಿನವನಾಗಿ, ನಾಣ್ಯವು ಅಂಚೆಯ ಚೀಲವೇರಿ ಅವನಲ್ಲಿಗೆ ಹೋಗಬೇಕಾಗಿ ಬಂದಾಗ ಅದೇ ಮುಖ್ಯವಾಯಿತು. ಬೆಲೆಬಾಳುವ ನಾಣ್ಯವನ್ನು ಸುರಕ್ಷಿತವಾಗಿ ಪರೀಕ್ಷೆಗೆ ಕಳುಹಿಸುವುದು ಹೇಗೆಂಬ ಇಂದಿನ ಸಂಗ್ರಾಹಕರ ಚಿಂತೆಯ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ.

೧. ಪರೀಕ್ಷಕನ ಹೆಸರು

ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ರೂಪದರ್ಶಕ’ನೆಂಬ ಅಧಿಕಾರಿಯ ಉಲ್ಲೇಖವಿದೆ. ವ್ಯವಹಾರದಲ್ಲಿ ನಡೆಯುವ ನಾಣ್ಯವಾವುದು, ಬೊಕ್ಕಸಕ್ಕೆ ಸಲ್ಲುವ ನಾಣ್ಯವಾವುದು ಎಂಬುದನ್ನು ನಿರ್ಣಯಿಸುವುದು ಅವನ ಕೆಲಸ. ಪರೀಕ್ಷೆಗೆ ಪ್ರತ್ಯೇಕವಾದ ಶುಲ್ಕವನ್ನೂ ಗ್ರಂಥವು ವಿಧಿಸಿದೆ. ಅದು ನೂರು ಪಣಕ್ಕೆ ಪಣದ ಎಂಟನೆಯ ಒಂದು ಭಾಗ. ನಾಣ್ಯಪರೀಕ್ಷೆಯು ಬೆಲೆ ಕೊಟ್ಟು ಪಡೆಯಬೇಕಾದ ಸೇವೆಯೆಂಬ ಭಾವನೆಯು ಅಷ್ಟು ಹಳೆಯದು. ಮುಂದಿನ ಕಾಲದಲ್ಲಿ ಕನ್ನಡನಾಡಿನ ಪೇಟೆಗಳಲ್ಲಿ ಚಿನಿವಾರರೂ ಉತ್ತರದಲ್ಲಿ ಶರಾಫರೂ ಇದೇ ಕೆಲಸವನ್ನು ನಡೆಸಿದರು. ಮೊಗಲರ ಕಾಲದ ಅನೇಕ ರೂಪಾಯಿಗಳ ಮೈಮೇಲೆ ಶರಾಫರು ಒತ್ತಿದ ಚಿಕ್ಕ ಚಿಕ್ಕ ಗುರುತುಗಳು ಇಂದಿಗೂ ಕಾಣಸಿಗುತ್ತವೆ. ಪರೀಕ್ಷಿಸಿದವನು ತನ್ನ ಸಾಕ್ಷ್ಯವನ್ನು ನಾಣ್ಯದ ಮೇಲೆಯೇ ಬರೆದಿಟ್ಟುದರ ಕುರುಹು ಅದು. ಆದರೆ ಆ ಸಾಕ್ಷ್ಯವು ನಾಣ್ಯಕ್ಕೆ ಗಾಯವನ್ನೂ ಮಾಡುತ್ತಿತ್ತು.

ನಾಣ್ಯಕ್ಕೆ ನೋವಾಗದಂತೆ ಸಾಕ್ಷ್ಯ ಹೇಳುವ ಉಪಾಯವನ್ನು ಪ್ರಾಚೀನ ರೋಮಿನ ಸಾಹುಕಾರರು ಕಂಡುಕೊಂಡಿದ್ದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದಿಂದ ಈಚೆಗಿನ, ಎಲುಬಿನಿಂದಲೂ ದಂತದಿಂದಲೂ ಮಾಡಿದ ಚಿಕ್ಕ ನಾಲ್ಮೂಲೆಯ ಕಡ್ಡಿಗಳು ನೂರಕ್ಕೂ ಮಿಕ್ಕಿ ದೊರೆತಿವೆ. ಅವುಗಳ ಒಂದು ಮಗ್ಗುಲಲ್ಲಿ ಒಬ್ಬ ದಾಸನ ಹೆಸರು, ಇನ್ನೊಂದರಲ್ಲಿ ಅವನ ಒಡೆಯನ ಹೆಸರು, ಮತ್ತೊಂದರಲ್ಲಿ ‘ಸ್ಪೆಕ್ಟಾವಿಟ್’ ಎಂಬ ಪದದೊಡನೆ ದಿನ ಮತ್ತು ತಿಂಗಳು, ನಾಲ್ಕನೆಯದರಲ್ಲಿ ಆ ವರ್ಷದ ಕಾನ್ಸಲರ ಹೆಸರು. ಇವು ಮಲ್ಲಯುದ್ಧದ ವೀರರಿಗೆ ಸಂಬಂಧಪಟ್ಟವೆಂದು ಬಹುಕಾಲ ಭಾವಿಸಲಾಗಿತ್ತು. ೧೯೧೯ರಲ್ಲಿ ರುಡೋಲ್ಫ್ ಹೆರ್ಟ್ಸೋಗ್ ಎಂಬ ಜರ್ಮನ್ ವಿದ್ವಾಂಸನು ಇವು ಎಣಿಸಿ, ಪರೀಕ್ಷಿಸಿ, ಮುದ್ರೆಯೊತ್ತಿದ ಹಣದ ಚೀಲಗಳಿಗೆ ಕಟ್ಟುತ್ತಿದ್ದ ಚೀಟಿಗಳೆಂದು ತೋರಿಸಿಕೊಟ್ಟನು. ‘ಸ್ಪೆಕ್ಟಾವಿಟ್’ ಎಂದರೆ ‘ನೋಡಿದನು’. ಯಾರು ನೋಡಿದರು, ಯಾರ ಪರವಾಗಿ ನೋಡಿದರು, ಯಾವ ದಿನ ನೋಡಿದರು ಎಂಬ ಮೂರು ಮಾತುಗಳೇ ಆ ಚೀಲಕ್ಕಿದ್ದ ನಿಜವಾದ ಬೀಗ. ಹೆಸರು ಹೇಳಿ ಹೊಣೆ ಹೊತ್ತವನಿದ್ದುದರಿಂದಲೇ ಚೀಲವು ಬಿಚ್ಚದೆ ಕೈಯಿಂದ ಕೈಗೆ ಹೋಗಬಲ್ಲುದಾಗಿತ್ತು.

೨. ಅಂಚೆಯ ಹೊಣೆ

ಅಂಚೆಯು ಜನಸಾಮಾನ್ಯರ ಸೇವೆಯಾದ ಮೇಲೆ ಹಣವನ್ನು ಸಾಗಿಸುವ ಭಾರವೂ ಅದರ ಮೇಲೆ ಬಿದ್ದಿತು. ಹದಿನೆಂಟನೆಯ ಶತಮಾನದ ಇಂಗ್ಲಂಡಿನಲ್ಲಿ ದಾರಿಗಳ್ಳರ ಹಾವಳಿ ಎಷ್ಟಿತ್ತೆಂದರೆ, ಬ್ಯಾಂಕ್ ನೋಟುಗಳನ್ನು ಎರಡಾಗಿ ಕತ್ತರಿಸಿ, ಒಂದರ್ಧವು ತಲಪಿದ ಸುದ್ದಿ ಬಂದ ಮೇಲೆಯೇ ಇನ್ನೊಂದರ್ಧವನ್ನು ಕಳುಹಿಸಬೇಕೆಂದು ಅಂಚೆಯವರೇ ಜನರಿಗೆ ಸಲಹೆ ಕೊಡುತ್ತಿದ್ದರು. ಭಾರತದಲ್ಲಿ ೧೮೬೧ರ ಕಾಗದದ ಹಣದ ಕಾಯಿದೆಯ ತರುವಾಯ ಸರಕಾರಿ ನೋಟುಗಳಿಗೂ ಇದೇ ಗತಿಯಾಯಿತು. ಹಾಗೆ ಕತ್ತರಿಸಿ ಕಳುಹಿಸಿ ಮತ್ತೆ ಅಂಟಿಸಿದ ನೋಟುಗಳನ್ನು ಇಂದು ಸಂಗ್ರಾಹಕರು ಆಸೆಯಿಂದ ಕೊಳ್ಳುತ್ತಾರೆ.

ನಾಣ್ಯಕ್ಕೆ ಈ ಉಪಾಯವು ಸಲ್ಲದು. ಕತ್ತರಿಸಿದ ನೋಟು ಅಂಟಿಸಿದರೆ ನೋಟೇ; ಕತ್ತರಿಸಿದ ನಾಣ್ಯವು ಬರಿಯ ಲೋಹ. ೧೮೮೦ರಲ್ಲಿ ಭಾರತದ ಅಂಚೆಯು ಮನಿಆರ್ಡರನ್ನು ಕೈಗೊಂಡಾಗ ನಾಣ್ಯವು ಪ್ರಯಾಣ ಮಾಡುವ ಅಗತ್ಯವೇ ಬಹುಮಟ್ಟಿಗೆ ತಪ್ಪಿತು. ಮುಂಬಯಿಯ ಖಾನಾವಳಿಗಳಲ್ಲಿ ದುಡಿದ ಕರಾವಳಿಯ ಕನ್ನಡಿಗನು ಇಲ್ಲಿ ಕಟ್ಟಿದ ರೂಪಾಯಿಯೇ ಊರಿನ ಮನೆಗೆ ಹೋಗುತ್ತಿರಲಿಲ್ಲ. ಅದರ ಬೆಲೆ ಹೋಗುತ್ತಿತ್ತು. ಅಲ್ಲಿ ಯಾವ ರೂಪಾಯಿ ಕೈಗೆ ಬಂದರೂ ತಾಯಿಗೆ ಸಮಾಧಾನವೇ. ಸಂಗ್ರಾಹಕನ ನಾಣ್ಯದ ಮಾತು ಹಾಗಲ್ಲ. ಅದರ ಬದಲಿಗೆ ಬೇರೊಂದು ನಾಣ್ಯ ಬಂದರೆ, ಲೋಹ, ತೂಕ, ವರ್ಷ ಎಲ್ಲವೂ ಒಂದೇ ಆಗಿದ್ದರೂ, ಅವನು ಕಳೆದುಕೊಂಡಂತೆಯೇ.

ಇಂತಹ ವಸ್ತುಗಳಿಗಾಗಿಯೇ ನೋಂದಾಯಿತ ಅಂಚೆಯು ಹುಟ್ಟಿತು. ಬ್ರಿಟನ್ನಿನಲ್ಲಿ ಅದು ೧೮೪೧ರ ಜನವರಿಯಲ್ಲಿ, ಒಂದು ಶಿಲಿಂಗ್ ಶುಲ್ಕದೊಡನೆ ಆರಂಭವಾಯಿತು. ೧೮೬೨ರಲ್ಲಿ ಅಲ್ಲಿಯ ಅಂಚೆಯು ನಾಣ್ಯವಿರುವುದು ಸ್ಪಷ್ಟವಾಗಿ ತಿಳಿಯುವ ಕಾಗದಗಳನ್ನು ಕಡ್ಡಾಯವಾಗಿ ನೋಂದಾಯಿಸತೊಡಗಿತು. ಒಳಗೆ ಝಣಝಣಿಸುವ ಲಕೋಟೆಯು ಅಂಚೆಯ ನೌಕರನಿಗೇ ಆಸೆ ಹುಟ್ಟಿಸುವುದೆಂಬ ಅನುಭವವೇ ಇದಕ್ಕೆ ಕಾರಣ. ಅಮೇರಿಕದಲ್ಲಿ ೧೮೫೫ರಲ್ಲಿ ಇದೇ ಸೇವೆ ಬಂದಿತು. ವಿಶೇಷವೆಂದರೆ ಮೊದಮೊದಲು ಎರಡು ದೇಶಗಳಲ್ಲಿಯೂ ಕಳೆದ ವಸ್ತುವಿಗೆ ಪರಿಹಾರ ಕೊಡುವ ಕಟ್ಟಳೆಯಿರಲಿಲ್ಲ. ಶುಲ್ಕ ಕೊಟ್ಟವನಿಗೆ ದೊರೆಯುತ್ತಿದ್ದುದು ದಾಖಲೆ ಮಾತ್ರ. ಕಟ್ಟು ಯಾವ ಕೈಯಿಂದ ಯಾವ ಕೈಗೆ ಹೋಯಿತೆಂಬುದರ ಬರಹ. ಆದರೂ ಜನರು ಅದಕ್ಕೆ ಹಣ ತೆತ್ತರು. ರೋಮಿನ ಎಲುಬಿನ ಚೀಟಿಯು ಹೇಳುತ್ತಿದ್ದುದನ್ನೇ ಅಂಚೆಯ ರಸೀತಿಯೂ ಹೇಳಿತು.

ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ವ್ಯವಸ್ಥೆಗೊಳಿಸಿದ ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ೧೮೯೮ರ ಭಾರತೀಯ ಅಂಚೆ ಕಾಯಿದೆಯು ಬೆಲೆಬಾಳುವ ವಸ್ತುಗಳನ್ನು ವಿಮೆ ಮಾಡಿಸಿಯೇ ಕಳುಹಿಸಬೇಕೆಂದು ವಿಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಕಟ್ಟಿನ ಮೇಲೆ ಅರಗಿನಿಂದ ಒಂದೇ ಬಗೆಯ ಖಾಸಗಿ ಮುದ್ರೆಗಳನ್ನು ಒತ್ತುವ ವಿಮಾ ಅಂಚೆಯ ಕ್ರಮವು ಹಲವು ತಲೆಮಾರುಗಳ ಜನರಿಗೆ ಪರಿಚಿತವಾಗಿತ್ತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೩ರ ಅಂಚೆ ಕಾಯಿದೆಯು ೨೦೨೪ರ ಜೂನ್ ತಿಂಗಳಿನಿಂದ ಜಾರಿಗೆ ಬಂದಿತು; ೨೦೨೫ರಲ್ಲಿ ನೋಂದಾಯಿತ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು.

೩. ಎಪ್ಪತ್ತರ ಅಳತೆಗೋಲು

ನಾಣ್ಯಪರೀಕ್ಷೆಯು ಪೇಟೆಯಿಂದ ದೂರ ಸರಿದುದು ಅಮೇರಿಕದಲ್ಲಿ. ಮಾನವರ ದೇಹರಚನೆಯನ್ನು ವರ್ಗೀಕರಿಸಿ ಪ್ರಸಿದ್ಧನಾದ ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿಯು ಹಳೆಯ ತಾಮ್ರದ ಸೆಂಟುಗಳ ಸಂಗ್ರಾಹಕನೂ ಆಗಿದ್ದನು. ೧೯೪೯ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿ ನಾಣ್ಯದ ಸ್ಥಿತಿಯನ್ನು ಒಂದರಿಂದ ಎಪ್ಪತ್ತರವರೆಗಿನ ಅಂಕೆಗಳಿಂದ ಸೂಚಿಸುವ ಕ್ರಮವನ್ನು ಹೂಡಿದನು. ಗುರುತು ಹಿಡಿಯಲು ಮಾತ್ರ ಸಾಧ್ಯವಿರುವಷ್ಟು ಸವೆದ ನಾಣ್ಯಕ್ಕೆ ಒಂದು, ಲೋಪವಿಲ್ಲದುದಕ್ಕೆ ಎಪ್ಪತ್ತು. ಎಪ್ಪತ್ತರ ನಾಣ್ಯದ ಬೆಲೆಯು ಒಂದರ ನಾಣ್ಯದ ಬೆಲೆಗೆ ಎಪ್ಪತ್ತು ಪಾಲು ಎಂಬುದು ಆಗಿನ ಲೆಕ್ಕ. ಬೆಲೆಯ ಲೆಕ್ಕವು ಬೇಗನೆ ಹಳತಾಯಿತು, ಅಂಕೆಗಳು ಉಳಿದವು. ಅಮೇರಿಕದ ನಾಣ್ಯಸಂಗ್ರಾಹಕರ ಸಂಘವು ೧೯೭೨ರಲ್ಲಿ ನಾಣ್ಯದ ಸಾಚಾತನವನ್ನು ಪ್ರಮಾಣೀಕರಿಸುವ ಸೇವೆಯನ್ನೂ ೧೯೭೯ರಲ್ಲಿ ಶ್ರೇಣಿ ನಿರ್ಣಯವನ್ನೂ ಆರಂಭಿಸಿತು. ೧೯೮೬ರಲ್ಲಿ ಪಿಸಿಜಿಎಸ್, ೧೯೮೭ರಲ್ಲಿ ಎನ್‌ಜಿಸಿ ಎಂಬ ಖಾಸಗಿ ಸಂಸ್ಥೆಗಳು ಕೆಲಸಕ್ಕೆ ತೊಡಗಿ, ಪರೀಕ್ಷಿಸಿದ ನಾಣ್ಯವನ್ನು ಅಂಕೆಯೊಡನೆ ಬಿಗಿಯಾದ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಮರಳಿಸುವ ಪದ್ಧತಿಯನ್ನು ರೂಢಿಗೆ ತಂದವು. ರೋಮಿನ ಚೀಲವೂ ಚೀಟಿಯೂ ಒಂದೇ ನಾಣ್ಯದ ಅಳತೆಗೆ ಕುಗ್ಗಿ ಮತ್ತೆ ಬಂದಂತಾಯಿತು.

ಅರುವತ್ತನಾಲ್ಕಕ್ಕೂ ಅರುವತ್ತೈದಕ್ಕೂ ನಡುವಿನ ಅಂತರವು ಬರಿಗಣ್ಣಿಗೆ ಕಾಣದಿದ್ದರೂ ಬೆಲೆಯಲ್ಲಿ ಬಹಳವಾಗಿ ಕಾಣಿಸಿಕೊಳ್ಳಬಹುದು. ಆದುದರಿಂದ ದೂರದೂರದ ಸಂಗ್ರಾಹಕರು ತಮ್ಮ ನಾಣ್ಯಗಳನ್ನು ಅಂಚೆಯಲ್ಲಿ ಹಾಕತೊಡಗಿದರು. ಅದಕ್ಕೊಂದು ಶಿಸ್ತು ಬೆಳೆಯಿತು. ನಾಣ್ಯವನ್ನು ಮೃದುಗೊಳಿಸುವ ರಾಸಾಯನಿಕ ಬೆರೆತ ಪಿವಿಸಿ ಚೀಲದಲ್ಲಿಡಬಾರದು. ಅದರಿಂದ ಲೋಹಕ್ಕೆ ಹಸುರು ಜಿಡ್ಡು ಹಿಡಿಯುತ್ತದೆ. ಒಳಗಿನ ಪೆಟ್ಟಿಗೆಯು ಅಲುಗಾಡಿದರೆ ಸದ್ದಾಗಬಾರದು. ಹೊರಗಿನ ವಿಳಾಸದಲ್ಲಿ ನಾಣ್ಯವೆಂಬ ಸೂಚನೆಯೇ ಇರಬಾರದು. ಅಮೇರಿಕದ ನೋಂದಾಯಿತ ಅಂಚೆಗೆ ಕಟ್ಟಿನ ಸಂದುಗಳ ಮೇಲೆ ಕಾಗದದ ಪಟ್ಟಿಯನ್ನೇ ಅಂಟಿಸಬೇಕು. ನುಣುಪಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಚೆಯ ಮುದ್ರೆಯ ಮಸಿ ನಿಲ್ಲುವುದಿಲ್ಲ. ಪಟ್ಟಿಯನ್ನು ಕಿತ್ತರೆ ಮುದ್ರೆಯು ಮುರಿಯುತ್ತದೆ, ಕಳವು ಬಯಲಾಗುತ್ತದೆ. ಈ ಅಂಚೆಯು ನಿಧಾನವಾದುದು. ಪ್ರತಿಯೊಂದು ಕೈಯೂ ಸಹಿ ಮಾಡಿಯೇ ಮುಂದಕ್ಕೆ ಕೊಡಬೇಕಾಗುವುದೇ ಆ ನಿಧಾನಕ್ಕೆ ಕಾರಣ, ಆ ನಿಧಾನವೇ ಅದರ ಬಲ.

ಈ ಬಲದ ಮೇಲೆ ಜನರಿಟ್ಟ ನಂಬಿಕೆಗೆ ೧೯೫೮ರ ಒಂದು ಘಟನೆ ಸಾಕ್ಷಿ. ಕೃಷ್ಣಾತೀರದ ಕೊಲ್ಲೂರು ಗಣಿಯದೆಂದು ನಂಬಲಾಗಿರುವ, ಹೋಪ್ ಎಂದು ಹೆಸರಾದ ನೀಲವಜ್ರವನ್ನು ನ್ಯೂಯಾರ್ಕಿನ ರತ್ನವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನ ಮಾಡಿದನು. ಕಾವಲು ಪಡೆಯೊಂದನ್ನು ಗೊತ್ತುಮಾಡದೆ, ನವೆಂಬರ್ ೮ರಂದು ಸಾಧಾರಣ ಕಂದು ಕಾಗದದಲ್ಲಿ ಸುತ್ತಿ ನೋಂದಾಯಿತ ಅಂಚೆಗೆ ಹಾಕಿಸಿದನು. ಅಂಚೆಯ ವೆಚ್ಚ ೨.೪೪ ಡಾಲರ್, ಹತ್ತು ಲಕ್ಷ ಡಾಲರ್ ವಿಮೆಗೆ ತೆತ್ತುದು ೧೪೨.೮೫ ಡಾಲರ್. ಎರಡು ದಿನಗಳ ಮೇಲೆ ಅಂಚೆಯವನೊಬ್ಬನು ಅದನ್ನು ಸಂಸ್ಥೆಗೆ ತಲಪಿಸಿದನು. ಆ ಹೊದಿಕೆಯ ಕಾಗದವನ್ನೂ ಅಲ್ಲಿಯ ಅಂಚೆ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

೪. ಬದಲಾದ ನಾಣ್ಯ

ದಾರಿಯ ಅಪಾಯವನ್ನು ಅಂಚೆಯ ಮುದ್ರೆಯು ಕಾಯಬಲ್ಲದು. ದಾರಿಯ ಕೊನೆಯಲ್ಲಿರುವ ಅಪಾಯಕ್ಕೆ ಅದರಲ್ಲಿ ಮದ್ದಿಲ್ಲ. ಶೆಲ್ಡನ್ನನ ಚರಿತ್ರೆಯೇ ಇದಕ್ಕೆ ನಿದರ್ಶನ. ನ್ಯೂಯಾರ್ಕಿನ ಅಮೇರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ೧೯೪೬ರಲ್ಲಿ ದಾನವಾಗಿ ಬಂದ ಸೆಂಟುಗಳ ಸಂಗ್ರಹವನ್ನು ವಿದ್ವಾಂಸನೆಂಬ ಗೌರವದಿಂದ ಆತನಿಗೆ ತೆರೆದು ತೋರಿಸಲಾಗುತ್ತಿತ್ತು. ೧೯೭೭ರಲ್ಲಿ ಆತನು ತೀರಿಕೊಂಡನು. ಆಮೇಲೆ ನಡೆದ ಶೋಧನೆಯಿಂದ ಸಂಗ್ರಹದ ಉತ್ತಮ ನಾಣ್ಯಗಳು ಕಾಣೆಯಾಗಿ, ಅವುಗಳ ಸ್ಥಾನದಲ್ಲಿ ಅದೇ ಜಾತಿಯ ಕೀಳು ನಾಣ್ಯಗಳು ಕುಳಿತಿದ್ದುದು ತಿಳಿದುಬಂದಿತು. ವ್ಯಾಜ್ಯವು ೧೯೯೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯಗಳನ್ನೇರಿತು. ಪೆಟ್ಟಿಗೆಗಳು ಬರಿದಾಗಿರಲಿಲ್ಲ, ಎಣಿಕೆಯೂ ತಪ್ಪಿರಲಿಲ್ಲ. ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ ನೋಡಿದಾಗಲೇ ಮೋಸವು ಹೊರಬಿದ್ದಿತು. ಜಗತ್ತಿನ ಪರೀಕ್ಷಕರೆಲ್ಲರ ಕೈಗೆ ಅಳತೆಗೋಲನ್ನಿತ್ತವನೇ ತನ್ನ ಕೈಯನ್ನು ನಂಬಲರ್ಹವಾಗಿ ಉಳಿಸಿಕೊಳ್ಳಲಿಲ್ಲ.

ನಾಣ್ಯವನ್ನು ಕಳುಹಿಸುವ ಮುನ್ನ ಅದರ ಎರಡು ಮುಖಗಳ ಛಾಯಾಚಿತ್ರ ತೆಗೆದು, ತೂಕವನ್ನೂ ಗೀರುಗಳನ್ನೂ ಬರೆದಿಟ್ಟುಕೊಳ್ಳಬೇಕೆಂಬ ನಿಯಮದ ಮಹತ್ವವು ಇಲ್ಲಿಂದ ತಿಳಿಯುತ್ತದೆ. ವಿಮೆಯು ಹಣವನ್ನು ತಂದುಕೊಡಬಹುದು. ಇದು ಅದಲ್ಲ ಎಂದು ಹೇಳುವ ಅಧಿಕಾರವನ್ನು ದಾಖಲೆಯು ಮಾತ್ರ ಕೊಡುತ್ತದೆ. ದಾಖಲೆಯಿಲ್ಲದ ನಾಣ್ಯವು ಒಡೆಯನ ಕೈಯಲ್ಲಿದ್ದರೂ ಅನಾಥ. ೧೯೧೩ನೆಯ ಇಸವಿಯನ್ನು ಹೊತ್ತ ಐದೇ ಲಿಬರ್ಟಿ ನಿಕ್ಕಲ್‌ಗಳಲ್ಲಿ ಒಂದರ ಒಡೆಯನು ೧೯೬೨ರಲ್ಲಿ ನಾಣ್ಯಪ್ರದರ್ಶನಕ್ಕೆ ಹೋಗುತ್ತಿದ್ದಾಗ ಮೋಟಾರು ಅಪಘಾತದಲ್ಲಿ ಮೃತನಾದನು. ನಾಣ್ಯವು ದೊರೆಯಿತು, ಆದರೆ ಇಸವಿಯನ್ನು ತಿದ್ದಿದ ಖೋಟಾ ನಾಣ್ಯವೆಂದು ಬಂಧುಗಳಿಗೆ ಮರಳಿ ಬಂದಿತು. ನಾಲ್ವತ್ತು ವರ್ಷ ಮನೆಯಲ್ಲಿ ಬಿದ್ದಿದ್ದ ಅದನ್ನು ೨೦೦೩ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕರ ಪಕ್ಕದಲ್ಲಿಟ್ಟು ನೋಡಿದಾಗ ಸಾಚಾ ಎಂದು ಸಿದ್ಧವಾಯಿತು.

೫. ಹೋಗಬಾರದ ನಾಣ್ಯ

ಭಾರತದ ಸಂಗ್ರಾಹಕನ ಮಾತು ಇಲ್ಲಿ ಬೇರೆಯಾಗುತ್ತದೆ. ೧೯೭೨ರ ಪ್ರಾಚ್ಯವಸ್ತುಗಳ ಕಾಯಿದೆಯು ೧೯೭೬ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯವೂ ಪ್ರಾಚ್ಯವಸ್ತುವೇ. ಅಂತಹುದನ್ನು ಕೇಂದ್ರ ಸರಕಾರವಾಗಲಿ ಅದು ಅಧಿಕಾರವಿತ್ತ ಸಂಸ್ಥೆಯಾಗಲಿ ಹೊರತು ಬೇರಾರೂ ದೇಶದ ಹೊರಗೆ ಕಳುಹಿಸುವಂತಿಲ್ಲ. ಆದುದರಿಂದ ವಿಜಯನಗರದ ವರಹವನ್ನೋ ಮೈಸೂರಿನ ಹಣವನ್ನೋ ಎಷ್ಟೇ ಭದ್ರವಾಗಿ ಕಟ್ಟಿ, ಎಷ್ಟೇ ವಿಮೆ ಮಾಡಿಸಿ ಸಾಗರದಾಚೆಯ ಪರೀಕ್ಷಕನಿಗೆ ಕಳುಹಿಸಹೊರಟರೂ ಆ ಹೆಜ್ಜೆಯು ಕಾಯಿದೆಗೆ ವಿರುದ್ಧವಾದುದು.

ಇದರಿಂದ ಸಂಗ್ರಾಹಕನಿಗೆ ಒಂದು ಅಂಕೆ ತಪ್ಪುತ್ತದೆ, ನಿಜ. ಆದರೆ ಕನ್ನಡನಾಡಿನ ಹಳೆಯ ನಾಣ್ಯಕ್ಕೆ ಬೇಕಾದುದು ಮೊದಲು ಅಂಕೆಯಲ್ಲ. ಅದು ಯಾವ ಊರಿನ ಯಾವ ನಿಧಿಯಲ್ಲಿ ಸಿಕ್ಕಿತು, ಅದರ ಜೊತೆಗೆ ಏನೇನಿತ್ತು, ಯಾರು ನೋಡಿ ಓದಿದರು ಎಂಬ ವಿವರವೇ ಚರಿತ್ರೆಗೆ ಬೇಕಾದುದು. ಊರು ಬಿಟ್ಟು ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ನಾಣ್ಯಗಳು ಇಂದಿಗೂ ಇವೆ. ಅವುಗಳ ಸಂಗಡ ಇರಬೇಕಾಗಿದ್ದ ಚೀಟಿ ಮಾತ್ರ ಬಹುಮಟ್ಟಿಗೆ ಇಲ್ಲ. ಒಂದು ತಲೆಮಾರು ಕಳೆದರೆ ಅವು ಎಲ್ಲಿಯವೆಂದು ಹೇಳುವವರೂ ಉಳಿಯಲಾರರು. ಇಂದು ಒಂದು ಛಾಯಾಚಿತ್ರ, ನಾಲ್ಕು ಸಾಲಿನ ಬರಹ, ಅದರಡಿಯಲ್ಲಿ ಬರೆದವರ ಹೆಸರು ಮತ್ತು ತಾರೀಖು ಇಷ್ಟಿದ್ದರೆ, ರೋಮಿನ ಆ ಅಜ್ಞಾತ ದಾಸನು ಎಲುಬಿನ ಕಡ್ಡಿಯ ಮೇಲೆ ಬರೆದ ‘ನೋಡಿದನು’ ಎಂಬ ಮಾತನ್ನು ಇವರೂ ಬರೆದಂತಾಗುತ್ತದೆ.