ಸಸ್ಯಪ್ಲವಕಗಳ ವಿಷ: ಚಿಪ್ಪುಮೀನು ಸಂಗ್ರಹಣೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಸಮುದ್ರ ಹಾಗೂ ಅಳಿವೆಗಳ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಪ್ಲವಕಗಳು ಜಲಚರಗಳಿಗೆ ಮೂಲ ಆಹಾರ. ಇವುಗಳಲ್ಲಿ ಕೆಲವು ಪ್ರಭೇದಗಳು ವಿಷವಸ್ತುಗಳನ್ನು ಉತ್ಪಾದಿಸುತ್ತವೆ. ಮರುವಾಯಿ, ಪಚ್ಚಿಲೆ ಸಂಗ್ರಹಿಸುವವರು ಹಾಗೂ ಸಾಕುವವರು ಮುಖ್ಯವಾಗಿ ತಿಳಿದಿರಬೇಕಾದ ವಿಷ ಸ್ಯಾಕ್ಸಿಟಾಕ್ಸಿನ್.

ಅಲೆಕ್ಸಾಂಡ್ರಿಯಂ ಮುಂತಾದ ಏಕಕೋಶ ಜೀವಿಗಳು ಇದನ್ನು ತಯಾರಿಸುತ್ತವೆ. ಇವುಗಳನ್ನು ತಿನ್ನುವ ಕೋಪೆಪಾಡ್ ಎಂಬ ಸಣ್ಣ ಪ್ರಾಣಿಗಳು ನೀರಿಗೆ ಬಿಡುವ ರಾಸಾಯನಿಕಗಳ ಸುಳಿವು ದೊರೆತೊಡನೆ ಅಲೆಕ್ಸಾಂಡ್ರಿಯಂ ಕೋಶಗಳು ತಮ್ಮ ವಿಷಾಂಶವನ್ನು ಹೆಚ್ಚಿಸಿಕೊಳ್ಳುತ್ತವೆ. ಕೀಟ ಕಡಿದಾಗ ಬೆಳೆಯೂ ರಕ್ಷಕ ರಾಸಾಯನಿಕಗಳನ್ನು ಉತ್ಪಾದಿಸುವುದರಿಂದ ರೈತರಿಗೆ ಇದು ಅಪರಿಚಿತವೆನಿಸದು. ಸ್ಯಾಕ್ಸಿಟಾಕ್ಸಿನ್‌ನ ಒಂದು ಅಣುವಿನಲ್ಲಿ 7 ಸಾರಜನಕ ಪರಮಾಣುಗಳಿವೆ. ಸಾರಜನಕ ಯಥೇಚ್ಛವಾಗಿದ್ದು ರಂಜಕದ ಕೊರತೆಯಾದಾಗ ಪ್ರತಿ ಕೋಶದ ವಿಷಾಂಶ ಏರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದುದರಿಂದ ಗದ್ದೆಯಿಂದ ಕೊಚ್ಚಿಹೋಗುವ ಯೂರಿಯಾವನ್ನು ಕೇವಲ ಗೊಬ್ಬರದ ಖರ್ಚೆಂದು ಲೆಕ್ಕಹಾಕುವುದು ಅಪೂರ್ಣ.

ಚಿಪ್ಪುಮೀನುಗಳು ನೀರನ್ನು ಸೋಸಿ ಪ್ಲವಕಗಳನ್ನು ತಿನ್ನುವುದರಿಂದ ವಿಷವು ಅವುಗಳ ಮಾಂಸದಲ್ಲಿ ಶೇಖರವಾಗುತ್ತದೆ. ಆದರೂ ಅವು ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತವೆ. ತಿಂದ ಮನುಷ್ಯನಲ್ಲಿ ಇದು ನರಗಳ ಸೋಡಿಯಂ ಮಾರ್ಗಗಳನ್ನು ಮುಚ್ಚಿ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 1983ರಲ್ಲಿ ಮಂಗಳೂರಿಗೆ ಸಮೀಪದ ಕುಂಬಳೆ ಅಳಿವೆಯ ಮರುವಾಯಿ ತಿಂದವರು ಅಸ್ವಸ್ಥರಾಗಿ, ಒಬ್ಬ ಬಾಲಕ ಮೃತಪಟ್ಟನು.

ಚೆನ್ನಾಗಿ ಬೇಯಿಸಿದರೆ ಅಪಾಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಅಡುಗೆಯ ಶಾಖಕ್ಕಾಗಲಿ, ಹುಳಿಗಾಗಲಿ, ಶೈತ್ಯೀಕರಣಕ್ಕಾಗಲಿ ಈ ವಿಷ ನಾಶವಾಗದು. ಸ್ವಲ್ಪಭಾಗ ಬೆಂದ ನೀರಿಗೆ ಇಳಿಯುತ್ತದಷ್ಟೆ. ನೀರಿನ ಬಣ್ಣವನ್ನೂ ನೆಚ್ಚುವಂತಿಲ್ಲ. ನೀರು ತಿಳಿಯಾಗಿದ್ದಾಗಲೂ ಚಿಪ್ಪುಮೀನು ವಿಷಯುಕ್ತವಾಗಿರಬಹುದು. ಇದಕ್ಕೆ ವಿರುದ್ಧವಾಗಿ, ಕಡಲನ್ನು ಕೆಂಪು ಅಥವಾ ಹಸಿರಾಗಿಸಿ ರಾತ್ರಿ ಹೊಳೆಯುವ ನಾಕ್ಟಿಲೂಕ ಈ ವಿಷವನ್ನು ತಯಾರಿಸುವುದಿಲ್ಲ. ಅದು ಬಿಡುಗಡೆ ಮಾಡುವ ಅಮೋನಿಯ ಹಾಗೂ ಅದು ಕೊಳೆಯುವಾಗ ಉಂಟಾಗುವ ಆಮ್ಲಜನಕದ ಕೊರತೆಯಿಂದ ಮೀನುಗಳು ಸಾಯುತ್ತವೆ.

ಹೀಗಾಗಿ ಪ್ರಯೋಗಾಲಯ ಪರೀಕ್ಷೆಯೊಂದೇ ನಂಬಲರ್ಹ. ಒಂದು ಕಿಲೋ ಮಾಂಸದಲ್ಲಿ 800 ಮೈಕ್ರೋಗ್ರಾಂ ಎಂಬುದು ಅಂತರರಾಷ್ಟ್ರೀಯವಾಗಿ ಅಂಗೀಕೃತ ಮಿತಿ. ಒಂದು ಪ್ರದೇಶದಲ್ಲಿ ವಿಷಬಾಧೆ ಶಂಕಿಸಲ್ಪಟ್ಟರೆ, ಮರುಪರೀಕ್ಷೆಯಲ್ಲಿ ಸುರಕ್ಷಿತವೆಂದು ದೃಢಪಡುವವರೆಗೆ ಸಂಗ್ರಹಣೆ ಮತ್ತು ಮಾರಾಟವನ್ನು ನಿಲ್ಲಿಸತಕ್ಕದ್ದು. ವಿಸ್ತರಣಾ ಕಾರ್ಯಕರ್ತರು ಈ ಸೂಚನೆಯನ್ನು ಅಳಿವೆಗಳಲ್ಲಿ ಮರುವಾಯಿ ಹೆಕ್ಕುವ ಮಹಿಳೆಯರಿಗೂ ತಲುಪಿಸುವುದು ಅವಶ್ಯ.

ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ, ಬೆರಳುಗಳಲ್ಲಿ ಜುಮುಗುಡುವಿಕೆ ಅಥವಾ ಮರಗಟ್ಟುವಿಕೆ ಕಂಡುಬಂದಲ್ಲಿ ಉಸಿರಾಟಕ್ಕೆ ತೊಂದರೆಯಾಗುವವರೆಗೆ ಕಾಯದೆ, ಕೃತಕ ಉಸಿರಾಟದ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಇದಕ್ಕೆ ಪ್ರತಿವಿಷವಿಲ್ಲ. ಸಕಾಲದಲ್ಲಿ ಉಸಿರಾಟಕ್ಕೆ ನೆರವು ದೊರೆತವರು ಸಾಮಾನ್ಯವಾಗಿ ಪೂರ್ಣ ಚೇತರಿಸಿಕೊಳ್ಳುತ್ತಾರೆ. ತಿಂದು ಉಳಿದ ಚಿಪ್ಪುಮೀನನ್ನು ಎಸೆಯದೆ ಪರೀಕ್ಷೆಗಾಗಿ ತೆಗೆದಿಡಿ.